ಹದಿನೇಳನೆಯ ಸಾಲು

ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು ನನ್ನ ಹೆಸರು
ಅವನ ಸಾಲಗಳ ಪಟ್ಟಿಯೊಳಗೆ.
ಹದಿನಾರು, ಖಲಂದರ್ ಸಾಬರ ಸೌದೆ ಡಿಪೋ, ಎಂಬತ್ತೆರಡು ಸಾವಿರ.
ಹದಿನೇಳು, ನಾನು.
ಹದಿನೆಂಟು, ಸುಟ್ಟ ಮೋಟಾರು ಸುತ್ತಿಕೊಟ್ಟ ಅಂಗಡಿ.

ನನ್ನ ಎದುರಿಗೆ ಒಂದು ಲಕ್ಷದ ಹದಿನಾರು ಸಾವಿರ:
ತಿಂಗಳಿಗೆ ನಾಲ್ಕರಂತೆ ಇಪ್ಪತ್ತೊಂಬತ್ತು ತಿಂಗಳು.
ಕೂಡಿ ನೋಡಿದೆ, ತಪ್ಪಿಲ್ಲ.
ಮದುವೆಯಾದಾಗಿನಿಂದ ಪಿಳ್ಳಾಂಜಿ
ನನ್ನ ವಿಷಯದಲ್ಲಿ ಸರಿಯಾಗಿ ಬರೆದ ಮೊದಲ ಲೆಕ್ಕ.

ಕೈ ಎತ್ತಿಬಿಟ್ಟನಂತೆ, ಪಾಪರ್ ಚೀಟಿ ತಗೋತಾನಂತೆ,
ಬೀದಿಯಲ್ಲಿ ಅಂದರು.
ನಮ್ಮ ಶಿಡ್ಲಘಟ್ಟದಲ್ಲಿ ಕೊಟ್ಟವನೂ ಸಾಲಗಾರ, ಇಸಕೊಂಡವನೂ ಸಾಲಗಾರ;
ಬಾಗಿಲಿನ ಯಾವ ಕಡೆ ನಿಂತಿದ್ದಾನೆ
ಅನ್ನುವುದರಿಂದ ತಿಳಿಯಬೇಕು.

ಒಂದು ದಿನದ ಕೂಲಿ ಬಿಟ್ಟು ಹೊರಟೆ.
ಗೂಡು ಬೇಯುವ ನೀರಲ್ಲಿ ನೆನೆದೂ ನೆನೆದೂ
ಬೆರಳ ಗೆರೆಗಳು ಸವೆದಿವೆ.
ರೇಷನ್ ಅಂಗಡಿಯ ಯಂತ್ರಕ್ಕೆ ನನ್ನ ಗುರುತು ಸಿಗುವುದಿಲ್ಲ.
ನೋಟೀಸಿಗೆ ಸಿಕ್ಕಿತ್ತು.

ಚಿಕ್ಕಬಳ್ಳಾಪುರದ ಕೋರ್ಟಿನ ವರಾಂಡದಲ್ಲಿ
ಇಡೀ ಪಟ್ಟಿಯೇ ಎದ್ದು ಬಂದು ಬೆಂಚಿನ ಮೇಲೆ ಕೂತಿತ್ತು:
ಟೋಪಿ ತೆಗೆದು ಬೀಸಿಕೊಳ್ಳುವ ಖಲಂದರ್ ಸಾಬರು,
ಚೀಟಿ ಕಟ್ಟಿದ್ದ ಡ್ರಿಲ್ ಮೇಷ್ಟರು,
ಮಾರ್ಕೆಟ್ಟಿಗೆ ಹಾಕದೆ ನಂಬಿಕೆಯ ಮೇಲೆ
ಅವನ ಮನೆಗೇ ಗೂಡು ತಂದು ಸುರಿದ ಮಳ್ಳೂರಿನ ದ್ಯಾವಮ್ಮ.
ಯಾರೂ ಜಗಳ ತೆಗೆಯಲಿಲ್ಲ.
ಆಸ್ಪತ್ರೆಯಲ್ಲಿ ಕೂತ ಹಾಗೆ ಕೂತಿದ್ದರು.

ನನ್ನ ವಕೀಲೆ ಕನ್ನಡಕ ಏರಿಸಿ ಹೇಳಿದರು:
ಕೋರ್ಟು ನಾಳೆ ಅವನನ್ನ ಬಿಟ್ಟರೂ ಕೆಲವು ಹೋಗಲ್ಲ ಕಣಮ್ಮ.
ಸರ್ಕಾರದ ಬಾಕಿ ಹೋಗಲ್ಲ,
ಮೋಸ ಮಾಡಿ ಎತ್ತಿದ್ದು ಹೋಗಲ್ಲ.
ಜೀವನಾಂಶ, ಅದೂ ಹೋಗಲ್ಲ.
ಮಿಕ್ಕಿದ್ದು?
ಮಿಕ್ಕಿದ್ದು ನೀರಿಗೆ.

ದ್ಯಾವಮ್ಮ ಕೇಳಿಸಿಕೊಂಡಳು.
‘ನಿಂದು ಉಳೀತಲ್ಲ ಬಿಡು ತಾಯಿ’ ಅಂದಳು,
ಸಾಲುಮನೆ ಕುಸಿದ ಬೀದಿಯಲ್ಲಿ
ಗೋಡೆ ಉಳಿದವಳನ್ನು ನೋಡುವ ಹಾಗೆ ನೋಡಿ.
ನನಗೆ ನಾಚಿಕೆಯಾಯಿತು.
ನಾಲ್ಕು ಜ್ವರ ಎಬ್ಬಿಸಿ, ಸೊಪ್ಪು ಕೊಯ್ದು,
ರಾತ್ರಿಯೆಲ್ಲ ಹುಳ ಮೇಯುವ ಸದ್ದು ಕೇಳಿದವಳು ಅವಳು.
ಅದಕ್ಕೆ ಯಾವ ಸೆಕ್ಷನ್ನೂ ಇಲ್ಲ.

ಜೀವನಾಂಶ.
ಯಾರ ಜೀವನ, ಎಷ್ಟರ ಅಂಶ.
ಲಿಖಿತಾಳ ಶಾಲೆಯ ಬೂಟು ಅದರಲ್ಲಿ ಬರುತ್ತದೆ.
ಅಪ್ಪ ಬರುತ್ತಾನೆಂದು ತಲೆ ಬಾಚಿಸಿಕೊಂಡು
ಅವಳು ಮೆಟ್ಟಿಲ ಮೇಲೆ ಕೂತ ಭಾನುವಾರಗಳು ಬರುವುದಿಲ್ಲ.
ನಾನು ಕೇಳಲೂ ಇಲ್ಲ.
ಅದಕ್ಕೆ ತಿಂಗಳಿಗೆ ಎಷ್ಟು ಅಂತ ಬರೆಸಲಿ?

ಅಳಿಯದ ಸಾಲ ಅಂದರೆ ತೀರುವ ಸಾಲ ಅಂತಲ್ಲ.
ಬೆಂದ ಗೂಡಿನೊಳಗೆ ಹುಳ ಸತ್ತಿರುತ್ತದೆ,
ಎಳೆ ಮಾತ್ರ ಬರುತ್ತಲೇ ಇರುತ್ತದೆ.
ಗೊತ್ತು ನನಗೆ, ಅದೇ ನನ್ನ ಕಸುಬು.

ಸಂಜೆ ಒಂದೇ ಬಸ್ಸು ಹತ್ತಿದೆವು.
ನಾನು ಮುಂದೆ, ಅವನು ಎರಡು ಸೀಟು ಹಿಂದೆ.
ಕಂಡಕ್ಟರ್ ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟು
ಅವನ ಹತ್ತಿರ ನಿಂತ.
ನಿಂತೇ ಇದ್ದ.
ಜೇಬಿಗೆ ಹೋದ ಕೈ ಜೇಬಲ್ಲೇ ಉಳಿಯಿತು.

ತಿರುಗಿ ನೂರರ ನೋಟು ಚಾಚಿದೆ.
ಮೂವತ್ತು ಹಿಡಿದು, ಚಿಲ್ಲರೆ ಇಲ್ಲಮ್ಮ, ಆಮೇಲೆ, ಅಂತ
ಅವನ ಟಿಕೆಟ್ಟಿನ ಬೆನ್ನ ಮೇಲೆ ಎಪ್ಪತ್ತು ಗೀಚಿ
ನನ್ನ ಕೈಗೇ ಕೊಟ್ಟ.

‘ಬರ್ಕೋ’ ಅಂದ ಪಿಳ್ಳಾಂಜಿ ಕಿಟಕಿಗೆ ಮುಖ ಮಾಡಿ.
ಅದೇ ಹಳೆಯ ಗತ್ತು. ಹತ್ತು ಚರಕ ಓಡಿಸುತ್ತಿದ್ದ ಕಾಲದಲ್ಲಿ
ಟೀ ಅಂಗಡಿಯಲ್ಲಿ ಹೀಗೇ ಅನ್ನುತ್ತಿದ್ದ,
ಸುತ್ತ ಕೂತ ಆರು ಜನರ ಟೀಗೂ ಸೇರಿಸಿ.
ನಗು ಬಂತು. ಪೆನ್ನೂ ಇರಲಿಲ್ಲ.

ಕೋಟೆ ಸರ್ಕಲ್ಲಿನ ಕಣ್ಣು ತಪ್ಪಿಸಲು
ಅವನು ಊರಿಗೆ ಮೊದಲೇ, ಕತ್ತಲಲ್ಲಿ ಇಳಿದುಕೊಂಡ.
ಅಭ್ಯಾಸ ಇನ್ನೂ ಹೋಗಿಲ್ಲ.
ನಾನು ಬಸ್‌ಸ್ಟಾಂಡಿನವರೆಗೆ ಕೂತೆ.
ಇಳಿಯುವಾಗ ಟಿಕೆಟ್ ತಿರುಗಿಸಿ ಕಂಡಕ್ಟರನಿಗೆ ತೋರಿಸಿದೆ.
ಅಯ್ಯೋ, ಮರೆತೇ ಬಿಟ್ಟಿದ್ದೆ, ಅಂದ.

ದೀಪದ ಕೆಳಗೆ ನಿಂತು ಎಣಿಸಿಕೊಂಡೆ.